ನಿಮ್ಮ 20 ಲೆಕ್ಚರ್, ನನ್ನ 20 ಲೆಕ್ಚರ್

ನೀವು ಕೇಳಿದ್ದು ಇಷ್ಟು: ಪುಣೆಯ ಕಾಲೇಜೊಂದರಲ್ಲಿ ಹೊಸದಾಗಿ ವಿಭಾಗದ ಮುಖ್ಯಸ್ಥರಾಗಿದ್ದೀರಿ, ಆರು ಜನರಿಗೆ ಪಾಠ ಹಂಚಬೇಕು, ಎಲ್ಲರಿಗೂ ಸಮ ಗಂಟೆ ಕೊಟ್ಟರೂ ಮುಖ ಊದಿಸಿಕೊಂಡು ಕೂತಿದ್ದಾರೆ, ಏನು ಮಾಡೋದು? ನಾನು ಮುಂಬೈಯ ಒಂದು ಕಾಮರ್ಸ್ ಕಾಲೇಜಿನಲ್ಲಿ ಎಕನಾಮಿಕ್ಸ್ ಹೇಳಿ ನಿವೃತ್ತನಾದವನು. ಒಂಬತ್ತು ವರ್ಷ ಟೈಮ್‌ಟೇಬಲ್ ನನ್ನ ಕೈಯಲ್ಲೇ ಇತ್ತು, ಬೈಗುಳವೂ ನನ್ನ ಪಾಲಿಗೇ ಇತ್ತು.

ನಿಯಮ ನಿಮಗೆ ಗೊತ್ತಿರುತ್ತದೆ, ಆದರೂ ಹೇಳಿಬಿಡುತ್ತೇನೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಪ್ರಕಾರ ವಾರಕ್ಕೆ 40 ಗಂಟೆ ಕೆಲಸ, ವರ್ಷಕ್ಕೆ 30 ವಾರ. ಅದರಲ್ಲಿ ಪಾಠದ ಪಾಲು ಅಸಿಸ್ಟೆಂಟ್ ಪ್ರೊಫೆಸರ್‌ಗೆ 16 ಗಂಟೆ, ಅಸೋಸಿಯೇಟ್ ಮತ್ತು ಪ್ರೊಫೆಸರ್‌ಗೆ 14. ನಮ್ಮಲ್ಲಿ ಒಂದು ಲೆಕ್ಚರ್ ಅಂದರೆ 48 ನಿಮಿಷ, ಹಾಗಾಗಿ 16 ಗಂಟೆಗೆ 20 ಲೆಕ್ಚರ್. ಗಂಟೆ ಯಾವುದು ಲೆಕ್ಚರ್ ಯಾವುದು ಅಂತ ಕಲಸಿಕೊಂಡೇ ಅರ್ಧ ಜಗಳ ಹುಟ್ಟುತ್ತವೆ, ಅದನ್ನು ಮೊದಲು ಬಿಡಿಸಿಕೊಳ್ಳಿ. 2016ರಲ್ಲಿ ಯುಜಿಸಿ ಈ ಗಂಟೆಗಳನ್ನು ಏರಿಸಲು ಹೊರಟಿತ್ತು. ದೆಹಲಿ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಉತ್ತರಪತ್ರಿಕೆ ತಿದ್ದುವುದನ್ನೇ ಬಿಟ್ಟು ಕೂತರು. ಕೊನೆಗೆ ಅದು ವಾಪಸ್ ಆಯಿತು. ಅಂದರೆ ಒಂದೆರಡು ಗಂಟೆಯ ವಿಷಯ ಅಷ್ಟು ಸಣ್ಣದಲ್ಲ.

ಆದರೆ ನಿಮ್ಮ ತೊಂದರೆ ಗಂಟೆಯದ್ದಲ್ಲ ಅಂತ ನನ್ನ ಅನಿಸಿಕೆ. ನಾನೇ ಮಾಡಿದ ಒಂದು ಅನ್ಯಾಯ ಹೇಳುತ್ತೇನೆ, ಕೇಳಿ.

ಒಂದು ಜೂನ್ ತಿಂಗಳು, ಹೊರಗೆ ಜೋರು ಮಳೆ. ದೊಡ್ಡ ರಟ್ಟಿನ ಮೇಲೆ ಚೌಕ ಗೆರೆ ಎಳೆದು ಪೆನ್ಸಿಲ್‌ನಲ್ಲಿ ಹೆಸರು ತುಂಬುತ್ತಿದ್ದೆ. ಧಾರವಾಡ ಕಡೆಯ ಒಬ್ಬ ಮೇಡಂ ಆ ವರ್ಷವೇ ಸೇರಿದ್ದರು. ಅವರಿಗೆ 20, ನನಗೆ 20, ಲೆಕ್ಕ ಸರಿ ಇದೆ ಅಂತ ರಟ್ಟನ್ನು ಗೋಡೆಗೆ ತೂಗುಹಾಕಿದೆ. ಆಗಸ್ಟ್‌ನಲ್ಲಿ ಮೊದಲ ಟೆಸ್ಟ್ ಮುಗಿಯಿತು. ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಅವರು ಉತ್ತರಪತ್ರಿಕೆಗಳ ನಾಲ್ಕು ದಪ್ಪ ಕಟ್ಟನ್ನು ಮೇಜಿನ ಮೇಲಿಟ್ಟು, ಮೆಲ್ಲಗೆ, ಸಿಟ್ಟೇ ಇಲ್ಲದೆ ಕೇಳಿದರು: "ಸರ್, ನಿಮ್ಮ ಇಪ್ಪತ್ತು, ನನ್ನ ಇಪ್ಪತ್ತು ಒಂದೇ ಏನ್ರಿ?"

ಅವತ್ತು ಕೂತು ತಾಳೆ ಹಾಕಿದೆ. ನನಗೆ ಎರಡೇ ವಿಷಯ, ಹತ್ತು ಹನ್ನೆರಡು ವರ್ಷದಿಂದ ಹೇಳುತ್ತಿದ್ದದ್ದು, ನೋಟ್ಸ್ ಹಾಳೆ ಹಳದಿ ತಿರುಗಿತ್ತು. ಟಿ.ವೈ., ಅಂದರೆ ಮೂರನೇ ವರ್ಷದ ಮಕ್ಕಳು, ತರಗತಿಗೆ 45 ಜನ, ಐದು ತರಗತಿ ಸೇರಿ 225 ಪತ್ರಿಕೆ. ಅವರಿಗೆ ನಾಲ್ಕು ವಿಷಯ, ನಾಲ್ಕೂ ಹೊಸದು. 120 ಮಕ್ಕಳ ನಾಲ್ಕು ಡಿವಿಷನ್, ಒಟ್ಟು 480 ಪತ್ರಿಕೆ. ಒಂದು ಪತ್ರಿಕೆಗೆ ನಾಲ್ಕೇ ನಿಮಿಷ ಅಂದುಕೊಂಡರೂ ಅವರಿಗೆ 32 ಗಂಟೆ, ನನಗೆ 15. ಜೊತೆಗೆ ಅವರ ಮೊದಲ ಲೆಕ್ಚರ್ ಬೆಳಿಗ್ಗೆ 7.10ಕ್ಕೆ, ಕೊನೆಯದು ಮಧ್ಯಾಹ್ನ, ನಡುವೆ ಎರಡು ಖಾಲಿ. ದೂರದ ಉಪನಗರ ಡೊಂಬಿವಲಿಯಿಂದ ಬರುತ್ತಿದ್ದರು, ಅಂದರೆ ಎದ್ದೇಳುವುದು ಎಷ್ಟು ಗಂಟೆಗೆ ಅಂತ ನೀವೇ ಲೆಕ್ಕ ಹಾಕಿ. ಇದ್ಯಾವುದೂ ನಾನು ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಹಿರಿಯರು ಒಂದೊಂದಾಗಿ ಬಂದು ತಮ್ಮ ಹಳೇ ವಿಷಯ ಹಿಡಿದುಕೊಂಡರು, ನಾನೂ ಹಿಡಿದುಕೊಂಡೆ, ಉಳಿದದ್ದು ಹೊಸಬರ ತಲೆಗೆ ಬಂತು. ಎಲ್ಲ ಕಡೆ ಹೀಗೇ ಆಗೋದು, ಅಲ್ವಾ?

ಮುಂದಿನ ಸೆಮಿಸ್ಟರ್‌ನಿಂದ ರಟ್ಟಿನಲ್ಲಿ ಗಂಟೆಯ ಪಕ್ಕ ಇನ್ನೂ ನಾಲ್ಕು ಕಾಲಂ ಹಾಕಿದೆವು. ಎಷ್ಟು ಬೇರೆ ಬೇರೆ ವಿಷಯ, ಅದರಲ್ಲಿ ಈ ವರ್ಷ ಹೊಸದು ಎಷ್ಟು, ಎಷ್ಟು ಉತ್ತರಪತ್ರಿಕೆ, ಪಾಠದ ಹೊರಗಿನ ಕೆಲಸ ಏನೇನು. ನ್ಯಾಕ್ (ಕಾಲೇಜಿನ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲು, ಪರೀಕ್ಷಾ ಕಮಿಟಿ, ಎನ್ಎಸ್ಎಸ್, ಅಡ್ಮಿಶನ್, ಎಲ್ಲವೂ ಅಲ್ಲಿ ಬರಬೇಕು. ಮೊದಲ ಸಲ ಹೇಳುವ ವಿಷಯದ ಒಂದು ಲೆಕ್ಚರನ್ನು ಒಂದೂವರೆ ಅಂತ ಹಿಡಿದೆವು. ಹೊಸದಾಗಿ ಸೇರಿದವರಿಗೆ ಮೊದಲ ವರ್ಷ ಎರಡು ವಿಷಯಕ್ಕಿಂತ ಜಾಸ್ತಿ ಇಲ್ಲ ಅಂದೆವು. ಇದು ಯುಜಿಸಿ ಹೇಳಿದ ಲೆಕ್ಕ ಅಲ್ಲ, ಚಹಾ ಕುಡಿಯುತ್ತಾ ನಾವೇ ಒಪ್ಪಿಕೊಂಡದ್ದು. ಉನ್ನತ ಶಿಕ್ಷಣ ಇಲಾಖೆಯ ಜಾಯಿಂಟ್ ಡೈರೆಕ್ಟರ್ ಆಫೀಸಿಗೆ ಹೋಗುವ ವರ್ಕ್‌ಲೋಡ್ ಕಾಗದದಲ್ಲಿ ಬರೀ ನಿಜವಾದ ಗಂಟೆ ಇರಲಿ, ಅಲ್ಲಿ ಈ ಒಂದೂವರೆ ಆಟ ಆಡಬೇಡಿ. ಹುದ್ದೆ ಉಳಿಯುವುದು, ಯಾರಾದರೂ ಹೆಚ್ಚುವರಿ ಅನಿಸಿಕೊಳ್ಳುವುದು ಆ ಕಾಗದದ ಮೇಲೆ.

ಒಬ್ಬ ಹಿರಿಯರು ಎರಡು ವಾರ ನನ್ನ ಜೊತೆ ಮಾತು ಬಿಟ್ಟರು. "ಇಪ್ಪತ್ತೈದು ವರ್ಷ ದುಡಿದಿದ್ದೇನೆ, ಈಗ ಎಫ್.ವೈ. ಕ್ಲಾಸಿಗೆ ಹೋಗಲಾ?" ಅಂತ. ಎಫ್.ವೈ. ಅಂದರೆ ಮೊದಲ ವರ್ಷ. ಹಿರಿತನದ ರಿಯಾಯಿತಿ 16 ಗಂಟೆ 14 ಆದಾಗಲೇ ಸಿಕ್ಕಿದೆಯಲ್ಲ ಸರ್ ಅಂದೆ. ಅವರಿಗೆ ಹಿಡಿಸಲಿಲ್ಲ. ಆದರೆ ಎಲ್ಲರ ಲೆಕ್ಕ ಗೋಡೆ ಮೇಲೇ ಇತ್ತು, ಪಕ್ಕದವರ ಕಾಲಂ ಅವರ ಕಣ್ಣಿಗೂ ಬೀಳುತ್ತಿತ್ತು. ಒಂದು ಡಿವಿಷನ್ ತೆಗೆದುಕೊಂಡರು.

ಈಗ ಹೊಸ ಶಿಕ್ಷಣ ನೀತಿಯ ಕ್ರೆಡಿಟ್ ಲೆಕ್ಕ ಬಂದಿದೆ. ಒಂದು ಕ್ರೆಡಿಟ್‌ಗೆ ಪಾಠ ಆದರೆ 15 ಗಂಟೆ, ಪ್ರಾಕ್ಟಿಕಲ್ ಆದರೆ 30. ನಿಮ್ಮಲ್ಲಿ ಲ್ಯಾಬ್ ಇದ್ದರೆ ಇಲ್ಲಿ ಹುಷಾರು. ಕ್ರೆಡಿಟ್ ನೋಡಿ ಹಂಚಿದರೆ ಲ್ಯಾಬಿನವರು ದುಪ್ಪಟ್ಟು ಹೊತ್ತು ನಿಂತಿರುತ್ತಾರೆ, ಕಾಗದದಲ್ಲಿ ಎಲ್ಲರೂ ಸಮ ಕಾಣುತ್ತಾರೆ. ಓಪನ್ ಇಲೆಕ್ಟಿವ್‌ಗೆ, ಅಂದರೆ ಬೇರೆ ವಿಭಾಗದ ಮಕ್ಕಳೂ ಆರಿಸಿಕೊಳ್ಳುವ ವಿಷಯಕ್ಕೆ, ಎಷ್ಟು ಮಕ್ಕಳು ಬರುತ್ತಾರೆ ಅನ್ನುವುದೂ ಏರುಪೇರಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಸಾಲದು, ಸೆಮಿಸ್ಟರ್‌ಗೊಮ್ಮೆ ರಟ್ಟು ಹೊಸದಾಗಲಿ.

ಸಿಎಚ್‌ಬಿ ಮೇಲೆ, ಅಂದರೆ ಗಂಟೆ ಲೆಕ್ಕದ ಸಂಬಳಕ್ಕೆ ಪಾಠ ಹೇಳಲು ಬರುವ ಹುಡುಗ ಹುಡುಗಿಯರು ನಿಮ್ಮಲ್ಲೂ ಇರಬೇಕು. ಅವರಿಗೆ ದುಡ್ಡು ಸಿಗುವುದು ಅವರು ಹೇಳಿದ ಲೆಕ್ಚರಿಗೆ ಮಾತ್ರ. ನ್ಯಾಕ್ ಫೈಲು, ಇನ್ನೊಬ್ಬರ ಪತ್ರಿಕೆ ಕಟ್ಟು ಅಂತ ಸುಮ್ನೆ ಅವರ ಕೈಗೆ ಕೊಡಬೇಡಿ. ಕಾಯಂ ಆಗುವ ಆಸೆಗೆ ಇಲ್ಲ ಅನ್ನುವುದಿಲ್ಲ ಅವರು. ಅವರ ಹೆಸರೂ ಅದೇ ರಟ್ಟಿನಲ್ಲಿರಲಿ, ಕೊನೆಯ ಕಾಲಂ ಖಾಲಿ ಬಿಟ್ಟು.

ನಿಮ್ಮ ಹೆಸರನ್ನು ಎಲ್ಲರದ್ದೂ ಆದಮೇಲೆ ತುಂಬಿ. ಯಾರಿಗೂ ಬೇಡವಾದ ಒಂದು 7.10ರ ಲೆಕ್ಚರ್ ಉಳಿದೇ ಉಳಿಯುತ್ತದೆ, ನಾನು ಕೊನೆಯ ನಾಲ್ಕು ವರ್ಷ ಅದನ್ನೇ ತೆಗೆದುಕೊಂಡೆ.