ಫಸ್ಟ್ ಬಂದವರಿಗೇ ಕೊಡಬೇಕಾ?

ಪ್ರಶ್ನೆ: ಊರಿನ ಸರ್ಕಾರಿ ಕಾಲೇಜಿನಲ್ಲಿ ಒಟ್ಟಿಗೆ ಬಿ.ಕಾಂ. ಓದಿದ ಹದಿನೆಂಟು ಜನ ಸೇರಿ ಎರಡು ಲಕ್ಷ ಒಟ್ಟು ಮಾಡಿದ್ದೇವೆ. ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ತಾಲ್ಲೂಕಿನ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋಣವೇ? ಕಾಲೇಜ್ ಡೇ ದಿನ ಫಸ್ಟ್ ಬಂದವರಿಗೆ ವೇದಿಕೆಯಲ್ಲೇ ಕೊಡಬೇಕೆಂದು ಕೆಲವರ ಹಟ.
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಇಪ್ಪತ್ತೆರಡು ವರ್ಷ ಕಾಲೇಜ್ ಆಫೀಸಿನ ಫೀಸ್ ಕೌಂಟರಿನಲ್ಲಿ ಕೂತಿದ್ದವಳು ನಾನು. ವೇದಿಕೆ ಬೇಡ.

ಒಂದು ವರ್ಷ ಹಳೆ ವಿದ್ಯಾರ್ಥಿಗಳು ಥರ್ಮಾಕೋಲಿನಲ್ಲಿ ಬಾಗಿಲಷ್ಟು ದೊಡ್ಡ ಚೆಕ್ ಮಾಡಿಸಿದ್ದರು. ಐದು ಸಾವಿರದ್ದು. ಮಗ ಅದನ್ನು ಹಿಡಿದು ಫೋಟೊಗೆ ನಿಲ್ಲುವುದನ್ನು ನೋಡಲು ಅವನ ಅಮ್ಮ ಅಡಿಕೆ ಸುಲಿಯುವುದು ಬಿಟ್ಟು ಬಂದಿದ್ದರು. ಅವತ್ತಿನ ಕೂಲಿ ಹೋಯಿತು. ಪರೀಕ್ಷಾ ಶುಲ್ಕದ ಕೊನೇ ದಿನ ಅದೇ ಹುಡುಗ ನನ್ನ ಕಿಟಕಿಗೆ ಮೂರು ಸಲ ಬಂದ. 'ಮೇಡಂ, ನಾಳೆ ಕಟ್ಟಿದರೆ ಫೈನ್ ಎಷ್ಟು?' ನಿಜವಾದ ಚೆಕ್ ಬಂದದ್ದು ಪರೀಕ್ಷೆ ಮುಗಿದ ಮೇಲೆ!

ಸರ್ಕಾರದ ಸ್ಕಾಲರ್‌ಶಿಪ್ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಇದೆಯಲ್ಲ ಅನ್ನಬಹುದು. ಇದೆ. ಆದರೆ ಆಧಾರ್ ಖಾತೆಗೆ ಜೋಡಣೆ ಆಗಿಲ್ಲ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ ಅಂತ ಎಷ್ಟೋ ಅರ್ಜಿ ಅಲ್ಲಲ್ಲೇ ನಿಲ್ಲುತ್ತವೆ. ನಿಮ್ಮ ದುಡ್ಡು ಬೇಕಾಗುವುದು ಆ ತಿಂಗಳುಗಳಲ್ಲಿ. ಬಸ್ ಖರ್ಚೂ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ ಉಚಿತ, ಸರಿ. ಖಾಸಗಿ ಬಸ್ಸೇ ಓಡುವ ನಮ್ಮ ಮಲೆನಾಡಿನ ಊರುಗಳಲ್ಲಿ ಅವರಿಗೂ ಟಿಕೆಟ್ ತಪ್ಪಿದ್ದಲ್ಲ.

ಬಡ್ಡಿ ಲೆಕ್ಕ ನೋಡಿ. ಶೇ 7 ಸಿಕ್ಕರೂ ವರ್ಷಕ್ಕೆ 14,000. ಅದೇ ಹದಿನೆಂಟು ಜನ ತಿಂಗಳಿಗೆ 500 ಹಾಕಿದರೆ ವರ್ಷಕ್ಕೆ 1,08,000! ನಾನಾದರೆ ಎರಡು ಲಕ್ಷವನ್ನು ದತ್ತಿ ನಿಧಿ ಅಂತ ಸುಮ್ನೆ ಕಟ್ಟಿಡುವುದಿಲ್ಲ. ನಾಲ್ಕೈದು ಮಕ್ಕಳನ್ನು ಮೊದಲ ವರ್ಷವೇ ಆರಿಸಿ, ಡಿಗ್ರಿ ಮುಗಿಯುವವರೆಗೆ ಕೈ ಬಿಡುವುದಿಲ್ಲ. ನಂದನ್ ನಿಲೇಕಣಿ ತಾವು ಓದಿದ ಬಾಂಬೆ ಐಐಟಿಗೆ 2023ರಲ್ಲಿ 315 ಕೋಟಿ ಕೊಟ್ಟರು. ನನ್ನ ಕಿಟಕಿಯಲ್ಲಿ ಓದು ನಿಲ್ಲುತ್ತಿದ್ದದ್ದು ಸಾವಿರ, ಎರಡು ಸಾವಿರಕ್ಕೆ.

ಯಾರಿಗೆ ಕೊಡುವುದು? ಅಂಕಪಟ್ಟಿಗಿಂತ ಮೊದಲು ಅಟೆಂಡರನ್ನು ಕೇಳಿ. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಲೈಬ್ರರಿಯಲ್ಲೇ ಕೂರುವವರು ಯಾರು ಅಂತ ಅವರಿಗೆ ಗೊತ್ತಿರುತ್ತದೆ.

ದಾನ ಕೊಟ್ಟದ್ದಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ ದುಡ್ಡು ಪಡೆಯುವ ಸಂಸ್ಥೆಗೆ ನೋಂದಣಿ ಇದ್ದರೆ. ಅದನ್ನು ಆಮೇಲೆ ನೋಡಿಕೊಳ್ಳಿ. ಈ ಸಲ ಪರೀಕ್ಷಾ ಶುಲ್ಕದ ಕೊನೇ ದಿನ ಯಾವತ್ತು ಅಂತ ಮೊದಲು ಆಫೀಸಿಗೆ ಒಂದು ಫೋನ್ ಮಾಡಿ.