ಐದನೇ ಸ್ಥಾನಕ್ಕೆ ಇಷ್ಟು ಸಂಭ್ರಮ ಯಾಕೆ?

ಬೆಂಗಳೂರಿನ ಜೀವನಭೀಮಾ ನಗರದಿಂದ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೋದ ಸಂಚಿಕೆಯಲ್ಲಿ ಲಂಡನ್ನಿನ ಎಎಫ್‌ಸಿ ವಿಂಬಲ್ಡನ್‌ ಫುಟ್‌ಬಾಲ್ ಕ್ಲಬ್ಬಿನ 2024-25ರ ಸೀಸನ್‌ ಬಗ್ಗೆ ನಾನು ಬರೆದ ಟಿಪ್ಪಣಿ ಅವರಿಗೆ ಹಿಡಿಸಿಲ್ಲ. ಆ ಸೀಸನ್ನಿನಲ್ಲಿ ಕ್ಲಬ್ ಮೇಲಿನ ದರ್ಜೆಗೆ ಬಡ್ತಿ ಪಡೆದಿತ್ತು. ಪತ್ರದ ಮುಖ್ಯ ಭಾಗ ಇದು:

“ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಲೀಗಿನಲ್ಲಿ ಐದನೇ ಸ್ಥಾನಕ್ಕೆ ಬಂದ ತಂಡ ಅದು. ಅದಕ್ಕೆ ಇಷ್ಟೊಂದು ಸಂಭ್ರಮ ಯಾಕೆ? ನಾಲ್ಕನೇ ಸ್ಥಾನದವರು ಅಲ್ಲೇ ಉಳಿದು ಐದನೆಯವರು ಮೇಲೆ ಹೋದದ್ದು ಅನ್ಯಾಯ ಅಲ್ವಾ? ಅಭಿಮಾನಿಗಳೇ ನಡೆಸುವ ಕ್ಲಬ್ ಅಂತ ಹೊಗಳಿದ್ದೀರಿ. ದುಡ್ಡಿಲ್ಲದೆ ಫುಟ್‌ಬಾಲ್ ನಡೆಯುತ್ತದಾ? ನಮ್ಮ ಎಚ್‌ಎಎಲ್, ಐಟಿಐ ತಂಡಗಳ ಆಟಕ್ಕೆ ಅಶೋಕನಗರದ ಸ್ಟೇಡಿಯಂ ತುಂಬುತ್ತಿತ್ತು. ಅವುಗಳ ಬಗ್ಗೆ ನಿಮ್ಮ ಪತ್ರಿಕೆ ಒಂದು ಸಾಲೂ ಬರೆದಿಲ್ಲ.”

ಸರ್, ನಿಮ್ಮ ಪತ್ರಕ್ಕೆ ಧನ್ಯವಾದ. ಕೋಪದಲ್ಲಿ ಬರೆದಿದ್ದೀರಿ, ಆದರೆ ಆ ಕೋಪ ಫುಟ್‌ಬಾಲ್ ಮೇಲಿನ ಪ್ರೀತಿಯಿಂದಲೇ ಬಂದದ್ದು ಅಂತ ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರಿಸುತ್ತಿದ್ದೇನೆ.

ಮೊದಲು ನಿಮ್ಮ ಕೊನೆಯ ಮಾತು. ವಿಂಬಲ್ಡನ್ ನನ್ನ ಮನಸ್ಸಿಗೆ ಇಷ್ಟು ಹತ್ತಿರವಾಗಲು ನೀವು ಹೇಳುವ ಆ ತಂಡಗಳೇ ಕಾರಣ. ಎಚ್‌ಎಎಲ್ ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್‌ನಲ್ಲಿ ಆಡಿದ ತಂಡ. ಈಗ ಎಲ್ಲಿದೆ? ಕಚೇರಿಯ ತಂಡ ಅಂದರೆ ಅದು ಕಚೇರಿಯದ್ದು. ಆಟಗಾರರಿಗೆ ಕೆಲಸ ಕೊಡುವುದು ನಿಂತರೆ ತಂಡವೂ ನಿಧಾನವಾಗಿ ಕರಗುತ್ತದೆ. ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡು ಕೂಗಿದವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಕೇಳಬೇಕು ಅಂತ ನಿಯಮವೂ ಇರಲಿಲ್ಲ.

ವಿಂಬಲ್ಡನ್ನಿನಲ್ಲಿ ಆದದ್ದೂ ಇದೇ, ಇನ್ನೂ ಕ್ರೂರವಾಗಿ. ಹಳೆಯ ವಿಂಬಲ್ಡನ್ ಕ್ಲಬ್ 1889ರಲ್ಲಿ ಹುಟ್ಟಿದ್ದು. 1977ರಲ್ಲಷ್ಟೇ ಇಂಗ್ಲೆಂಡಿನ ಅಂದಿನ ಅಗ್ರ ನಾಲ್ಕು ದರ್ಜೆಗಳ ಫುಟ್‌ಬಾಲ್ ಲೀಗಿಗೆ ಬಂತು. 1988ರಲ್ಲಿ ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್‌ನಂಥ ತಂಡವನ್ನು 1-0ರಿಂದ ಸೋಲಿಸಿತು. ಆ ದಿನ ಗೋಲ್‌ಕೀಪರ್ ಡೇವ್ ಬೆಸಂಟ್ ಪೆನಾಲ್ಟಿ ತಡೆದದ್ದು ನಿಮಗೂ ನೆನಪಿರಬಹುದು. ಇಷ್ಟು ಮಾಡಿದ ಕ್ಲಬ್ಬಿಗೆ 1991ರ ನಂತರ ಸ್ವಂತ ಮೈದಾನವೇ ಇರಲಿಲ್ಲ. ತನ್ನ ಹಳೆಯ ಮೈದಾನ ಪ್ಲೌ ಲೇನ್ ಬಿಟ್ಟು ಬೇರೆಯವರ ಸ್ಟೇಡಿಯಂನಲ್ಲಿ ಬಾಡಿಗೆಗೆ ಆಡುತ್ತಿತ್ತು. ಕೊನೆಗೆ ಮಾಲೀಕರು ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಒಯ್ಯಲು ಹೊರಟರು. 2002ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಮೂವರು ಸದಸ್ಯರ ಸಮಿತಿ ಎರಡಕ್ಕೆ ಒಂದು ಮತದಿಂದ ಒಪ್ಪಿಗೆ ಕೊಟ್ಟಿತು. ಬೆಂಬಲಿಗರು ಹೊಸದಾಗಿ ಕ್ಲಬ್ ಕಟ್ಟುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ಒಳ್ಳೆಯದಲ್ಲ ಅಂತಲೂ ಅದರ ವರದಿಯಲ್ಲಿತ್ತು. ಈ ಮಾತು ಓದಿದಾಗೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೆಂಬಲಿಗರು ಆ ಮಾತನ್ನು ಕೇಳಲಿಲ್ಲ. ಕೆಲವೇ ವಾರಗಳಲ್ಲಿ ಹೊಸ ಕ್ಲಬ್ ನೋಂದಾಯಿಸಿದರು. ಆಟಗಾರರು ಬೇಕಲ್ಲ? ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ ಬಂದವರನ್ನೆಲ್ಲ ಆಡಿಸಿ ನೋಡಿ ತಂಡ ಮಾಡಿದರು. ಜುಲೈನಲ್ಲಿ ಸಟನ್ ಯುನೈಟೆಡ್ ಜೊತೆ ಮೊದಲ ಸ್ನೇಹಪಂದ್ಯ ಆಡಿ 4-0ಯಿಂದ ಸೋತರು. ನೋಡಲು ಬಂದವರು 4,657 ಜನ! ಒಂಬತ್ತನೇ ದರ್ಜೆಯಿಂದ ಶುರು. ಅಲ್ಲಿಂದ ಮೇಲೆ ಬಂದು 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿದರು. 2020ರ ನವೆಂಬರ್ 3ರಂದು ಪ್ಲೌ ಲೇನ್‌ಗೆ, ಹಳೆಯ ಮೈದಾನದ ಹತ್ತಿರವೇ ಕಟ್ಟಿದ ಹೊಸ ಸ್ಟೇಡಿಯಂಗೆ ವಾಪಸ್ ಬಂದರು. ಕೋವಿಡ್ ಕಾಲ, ಸ್ಟೇಡಿಯಂ ಖಾಲಿ. ತಾವೇ ಕಟ್ಟಿಸಿದ ಮನೆಯ ಮೊದಲ ಪಂದ್ಯವನ್ನು ಜನ ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಬೇಕಾಯಿತು. ಡಾಂಕಸ್ಟರ್ ಜೊತೆ 2-2.

ಇಷ್ಟಾದ ಮೇಲೆ ಎಲ್ಲ ಸುಖವಾಗಿ ನಡೆಯಿತು ಅಂದುಕೊಳ್ಳಬೇಡಿ. 2021-22ರಲ್ಲಿ ಡಿಸೆಂಬರ್ ಆರಂಭದ ನಂತರ ಲೀಗಿನಲ್ಲಿ ಒಂದೂ ಪಂದ್ಯ ಗೆಲ್ಲದೆ ನಾಲ್ಕನೇ ದರ್ಜೆಗೆ, ಅಂದರೆ ಲೀಗ್ ಟೂಗೆ ಇಳಿದರು. ಮರುವರ್ಷ ಅಲ್ಲಿಯೂ 21ನೇ ಸ್ಥಾನ. 24 ತಂಡಗಳಲ್ಲಿ ಕೊನೆಯ ಎರಡು ಲೀಗಿನಿಂದಲೇ ಹೊರಗೆ ಬೀಳುತ್ತವೆ. ಎಷ್ಟು ಹತ್ತಿರ ಹೋಗಿದ್ದರು ನೋಡಿ. ಅದರ ಮುಂದಿನ ವರ್ಷ ಹತ್ತನೇ ಸ್ಥಾನ. ಆಮೇಲೆ ಬಂದದ್ದು ನಾನು ಬರೆದ ಸೀಸನ್. ನೀವು ಐದು ಅನ್ನುವ ಅಂಕಿಯನ್ನು ಒಂದರ ಪಕ್ಕ ಇಟ್ಟು ನೋಡುತ್ತಿದ್ದೀರಿ. ಆ ಜನ ಅದನ್ನು ಇಪ್ಪತ್ತೊಂದರ ಪಕ್ಕ ಇಟ್ಟು ನೋಡುತ್ತಾರೆ.

ಆ ಸೀಸನ್ನಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2024ರ ಸೆಪ್ಟೆಂಬರ್. ಅದೇ ತಿಂಗಳ 14ರಂದು ಮಿಲ್ಟನ್ ಕೀನ್ಸ್ ತಂಡವನ್ನು ಪ್ಲೌ ಲೇನ್‌ನಲ್ಲಿ 3-0ಯಿಂದ ಸೋಲಿಸಿದ್ದರು. ತಮ್ಮ ಕ್ಲಬ್ಬನ್ನು ಕಿತ್ತುಕೊಂಡು ಹೋದ ಊರಿನ ತಂಡ ಅದು. ಅವತ್ತಿನ ಖುಷಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಾರ ಕಳೆಯಿತು. 22ರ ಭಾನುವಾರ ಲಂಡನ್ನಿನಲ್ಲಿ ಜಡಿಮಳೆ. ಸ್ಟೇಡಿಯಂ ಪಕ್ಕದ ವಾಂಡಲ್ ನದಿ ಉಕ್ಕಿತು. ಮೈದಾನ ನೀರಿನಲ್ಲಿ ಮುಳುಗಿತು, ಕಟ್ಟಡದೊಳಕ್ಕೂ ನೀರು ನುಗ್ಗಿತು. ಬೆಳಿಗ್ಗೆ ನೋಡಿದರೆ ಮೈದಾನದ ಒಂದು ಮೂಲೆಯಲ್ಲಿ ನೆಲವೇ ಕುಸಿದು ದೊಡ್ಡ ಗುಂಡಿ ಬಿದ್ದಿತ್ತು.

ಅದೇ ವಾರ ಲೀಗ್ ಕಪ್‌ನಲ್ಲಿ ಪ್ರೀಮಿಯರ್ ಲೀಗಿನ ನ್ಯೂಕ್ಯಾಸಲ್ ತಂಡ ಪ್ಲೌ ಲೇನ್‌ಗೆ ಬರಬೇಕಿತ್ತು. ಸಣ್ಣ ಕ್ಲಬ್ಬಿಗೆ ಇಂಥ ಪಂದ್ಯ ವರ್ಷಕ್ಕೊಮ್ಮೆ ಸಿಕ್ಕರೆ ಅದೃಷ್ಟ. ಪಂದ್ಯ ನ್ಯೂಕ್ಯಾಸಲ್‌ನ ಮೈದಾನಕ್ಕೆ ಹೋಯಿತು. ವಿಂಬಲ್ಡನ್ 1-0ಯಿಂದ ಸೋತಿತು. ನ್ಯೂಕ್ಯಾಸಲ್ ಕ್ಲಬ್ ರಿಪೇರಿಗೆ ಅಂತ 15,000 ಪೌಂಡ್ ಕೊಟ್ಟಿತು. ದೊಡ್ಡ ಕ್ಲಬ್ಬುಗಳನ್ನು ಬೈಯುವುದು ಸುಲಭ, ಆದ್ದರಿಂದ ಇದನ್ನೂ ಹೇಳಬೇಕು.

ಈ ನಡುವೆ ಒಬ್ಬ ಬೆಂಬಲಿಗರು ಆನ್‌ಲೈನ್‌ನಲ್ಲಿ ಚಂದಾ ಎತ್ತಲು ಶುರು ಮಾಡಿದರು. ಮೊತ್ತ ಒಂದು ಲಕ್ಷ ಪೌಂಡ್ ದಾಟಿತು. ಬೇರೆ ಕ್ಲಬ್ಬುಗಳ ಬೆಂಬಲಿಗರೂ ಕೊಟ್ಟರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕೋಟ್ಯಧಿಪತಿ ಮಾಲೀಕನ ಮೈದಾನದಲ್ಲಿ ಗುಂಡಿ ಬಿದ್ದರೆ ಯಾರು ತಮ್ಮ ಸಂಬಳದಿಂದ ದುಡ್ಡು ತೆಗೆದು ಕೊಡುತ್ತಾರೆ? ನಾನು ಕೊಡುವುದಿಲ್ಲ, ನೀವೂ ಕೊಡುವುದಿಲ್ಲ. ಇವರು ಕೊಟ್ಟರು, ಯಾಕೆಂದರೆ ಆ ನೆಲ ಅವರದ್ದೇ. ಡಾನ್ಸ್ ಟ್ರಸ್ಟ್ ಎಂಬ ಬೆಂಬಲಿಗರ ಸಂಸ್ಥೆಯ ಕೈಯಲ್ಲಿ ಕ್ಲಬ್ಬಿನ ಹತೋಟಿ ಇದೆ. ಎಷ್ಟೇ ದುಡ್ಡು ಹಾಕಿರಲಿ, ಟ್ರಸ್ಟಿನಲ್ಲಿ ಒಬ್ಬ ಸದಸ್ಯನಿಗೆ ಒಂದೇ ವೋಟು.

ದುಡ್ಡಿಲ್ಲದೆ ಫುಟ್‌ಬಾಲ್ ನಡೆಯುತ್ತದಾ ಅಂತ ಕೇಳಿದ್ದೀರಿ. ಇಲ್ಲ ಸರ್, ನಡೆಯುವುದಿಲ್ಲ. ಹೊಸ ಸ್ಟೇಡಿಯಂ ಕಟ್ಟುವಾಗ ಹಣ ಸಾಲದೆ ಹೋಯಿತು. ಹೊರಗಿನ ಹೂಡಿಕೆದಾರರಿಗೆ ಪಾಲು ಮಾರುವ ಮಾತೂ ಬಂತು. ಕಡೆಗೆ ಬೆಂಬಲಿಗರು ಬಾಂಡ್ ಹೊರಡಿಸಿದರು. ಬಡ್ಡಿ ಎಷ್ಟು ಬೇಕು ಅಂತ ಸಾಲ ಕೊಡುವವರೇ ಆರಿಸಿಕೊಳ್ಳಬಹುದಿತ್ತು. ಸೊನ್ನೆಯಿಂದ ನಾಲ್ಕು ಪರ್ಸೆಂಟ್‌ವರೆಗೆ. 2020ರ ಆರಂಭದ ಹೊತ್ತಿಗೆ 50 ಲಕ್ಷ ಪೌಂಡ್‌ಗೂ ಜಾಸ್ತಿ ಸೇರಿತು. ಆದರೆ ಅದು ದಾನ ಅಲ್ಲ, ಸಾಲ. ತೀರಿಸಲೇಬೇಕು. ಅದಕ್ಕೇ ಒಳ್ಳೆಯ ಆಟಗಾರ ಬೆಳೆದ ಅಂದರೆ ಮಾರಬೇಕಾಗುತ್ತದೆ. 2024ರ ಜನವರಿಯಲ್ಲಿ ಇರಾಕಿನ ಸ್ಟ್ರೈಕರ್ ಅಲಿ ಅಲ್-ಹಮಾದಿಯನ್ನು ಇಪ್ಸ್‌ವಿಚ್‌ಗೆ ಮಾರಿದರು. ಆ ಸೀಸನ್ ಇನ್ನೂ ಅರ್ಧ ಬಾಕಿ ಇತ್ತು. ಬೆಂಬಲಿಗರಿಗೆ ಇದು ನುಂಗಲಾರದ ತುತ್ತು. ಸಾಲದ ಲೆಕ್ಕವೂ ಅವರಿಗೇ ಗೊತ್ತು, ಹೋದ ಸ್ಟ್ರೈಕರ್ ಹೊಡೆಯಬಹುದಾಗಿದ್ದ ಗೋಲಿನ ಲೆಕ್ಕವೂ ಅವರಿಗೇ ಗೊತ್ತು. ಈ ವ್ಯವಸ್ಥೆ ಸುಲಭ ಅಂತ ನಾನು ಎಲ್ಲೂ ಹೇಳುವುದಿಲ್ಲ. ಆದರೂ ನನಗೆ ಇದೇ ಇಷ್ಟ. ಯಾರನ್ನು ಮಾರಿದರು, ಯಾಕೆ ಮಾರಿದರು ಅಂತ ಸಭೆಯಲ್ಲಿ ಎದ್ದು ನಿಂತು ಕೇಳಬಹುದಲ್ಲ.

ಇನ್ನು ನ್ಯಾಯದ ಪ್ರಶ್ನೆ. ಇದರಲ್ಲಿ ನೀವು ಹೇಳುವುದು ಅರ್ಧ ಸರಿ. ಲೀಗ್ ಟೂನಲ್ಲಿ ಒಂದೊಂದು ತಂಡಕ್ಕೂ 46 ಪಂದ್ಯ. ಮೊದಲ ಮೂರು ತಂಡಗಳು ನೇರವಾಗಿ ಮೇಲೆ ಹೋಗುತ್ತವೆ. ನಾಲ್ಕರಿಂದ ಏಳರವರೆಗಿನ ನಾಲ್ಕು ತಂಡಗಳು ಪ್ಲೇ-ಆಫ್ ಆಡುತ್ತವೆ. ಅದರಲ್ಲಿ ಒಂದಕ್ಕೆ ಮಾತ್ರ ಬಡ್ತಿ. ಆ ವರ್ಷ ನಾಲ್ಕನೇ ಸ್ಥಾನದಲ್ಲಿದ್ದ ವಾಲ್ಸಾಲ್ ತಂಡದ ಕಥೆ ನೆನೆದರೆ ಹೊಟ್ಟೆ ಉರಿಯುತ್ತದೆ. ಜನವರಿಯಲ್ಲಿ ಅವರು ಪಟ್ಟಿಯ ಮೊದಲ ಸ್ಥಾನದಲ್ಲಿ 12 ಅಂಕ ಮುಂದಿದ್ದರು. ಗೋಲು ಹೊಡೆಯುತ್ತಿದ್ದ ಹುಡುಗ ನೇಥನ್ ಲೋ ಸ್ಟೋಕ್ ಕ್ಲಬ್ಬಿನಿಂದ ಎರವಲು ಬಂದವನು. ಸ್ಟೋಕ್ ಅವನನ್ನು ವಾಪಸ್ ಕರೆಸಿಕೊಂಡಿತು. ಅಲ್ಲಿಂದ ಇಳಿಜಾರು. ಕೊನೆಯ ದಿನ ಮೂರನೇ ಸ್ಥಾನಕ್ಕೆ ಬ್ರಾಡ್‌ಫರ್ಡ್ ತಂಡದ ಜೊತೆ ಪೈಪೋಟಿ. ವಾಲ್ಸಾಲ್ ತನ್ನ ಪಂದ್ಯ ಗೆದ್ದಿತು. ಬ್ರಾಡ್‌ಫರ್ಡ್ ಗೆಲ್ಲದಿದ್ದರೆ ಬಡ್ತಿ ಇವರಿಗೇ. 90 ನಿಮಿಷ ಮುಗಿದು ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಬ್ರಾಡ್‌ಫರ್ಡ್ ಗೋಲು ಹೊಡೆಯಿತು. ಒಂದೇ ಒಂದು ಅಂಕದಲ್ಲಿ ವಾಲ್ಸಾಲ್ ನಾಲ್ಕಕ್ಕೆ ಬಿತ್ತು. ಅಂತಿಮ ಪಟ್ಟಿಯಲ್ಲಿ ಅವರಿಗೆ 77 ಅಂಕ, ವಿಂಬಲ್ಡನ್ನಿಗೆ 73.

ಅವರ ಜಾಗದಲ್ಲಿ ನಾನಿದ್ದರೆ ನಿಮ್ಮ ಮಾತನ್ನೇ ಹೇಳುತ್ತಿದ್ದೆ. ಆದರೆ ಈ ನಿಯಮದ ಬಿಸಿ ವಿಂಬಲ್ಡನ್ನಿಗೂ ತಟ್ಟಿದೆ. 2010-11ರಲ್ಲಿ ಐದನೇ ದರ್ಜೆಯಲ್ಲಿ 90 ಅಂಕ ಗಳಿಸಿ ಎರಡನೇ ಸ್ಥಾನಕ್ಕೆ ಬಂದರೂ ನೇರ ಬಡ್ತಿ ಸಿಗಲಿಲ್ಲ. ಪ್ಲೇ-ಆಫ್ ಆಡಿ, ಫೈನಲ್‌ನಲ್ಲಿ ಲೂಟನ್ ವಿರುದ್ಧ ಪೆನಾಲ್ಟಿ ಶೂಟೌಟ್ ಗೆದ್ದೇ ಮೇಲೆ ಬಂದರು. ನಿಯಮ ಏನು ಅಂತ ಸೀಸನ್ ಶುರುವಾಗುವ ಆಗಸ್ಟಿನಲ್ಲೇ ಎಲ್ಲರಿಗೂ ಗೊತ್ತಿರುತ್ತದೆ. ಪ್ಲೇ-ಆಫ್ ಇರುವುದರಿಂದಲೇ ಏಪ್ರಿಲ್‌ವರೆಗೂ ಹತ್ತಾರು ಊರುಗಳ ಜನ ಆಸೆ ಇಟ್ಟುಕೊಂಡು ಸ್ಟೇಡಿಯಂಗೆ ಬರುತ್ತಾರೆ. ಇಲ್ಲದಿದ್ದರೆ ಅರ್ಧ ಲೀಗ್ ಫೆಬ್ರವರಿಗೇ ಮುಗಿದ ಹಾಗೆ.

ಸೆಮಿಫೈನಲ್‌ನಲ್ಲಿ ನಾಟ್ಸ್ ಕೌಂಟಿಯನ್ನು ಎರಡೂ ಪಂದ್ಯಗಳಲ್ಲಿ 1-0ಯಿಂದ ಸೋಲಿಸಿದರು. ಮೇ 26, ಸೋಮವಾರ, ವೆಂಬ್ಲಿಯಲ್ಲಿ ಫೈನಲ್. ಎದುರಿಗೆ ಅದೇ ವಾಲ್ಸಾಲ್. ಮೊದಲಾರ್ಧ ಮುಗಿಯುವ ಹೊತ್ತಿಗೆ ಮೈಲ್ಸ್ ಹಿಪೊಲೈಟ್ ಹೊಡೆದ ಗೋಲು ಒಂದೇ. ಎರಡನೇ ಅರ್ಧವನ್ನು ನಾನು ಕೂತು ನೋಡಲಿಲ್ಲ, ನಿಂತೇ ನೋಡಿದೆ. ಕೊನೆಗೆ ವಿಂಬಲ್ಡನ್ 1-0ಯಿಂದ ಗೆದ್ದಿತು. ಕೋಚ್ ಜಾನಿ ಜಾಕ್ಸನ್ ಕಟ್ಟಿದ ತಂಡ ಅಂಥದ್ದು. ಮೂರು-ನಾಲ್ಕು ಗೋಲು ಹೊಡೆದು ಮೆರೆಯುವುದಕ್ಕಿಂತ ಗೋಲು ಬಿಟ್ಟುಕೊಡದೆ ಹಲ್ಲು ಕಚ್ಚಿ ನಿಲ್ಲುವ ತಂಡ. ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನಿಂದ ಎರವಲು ಬಂದಿದ್ದ ಗೋಲ್‌ಕೀಪರ್ ಓವನ್ ಗುಡ್‌ಮನ್ ಮೂರೂ ಪ್ಲೇ-ಆಫ್ ಪಂದ್ಯಗಳಲ್ಲಿ ಒಂದೂ ಗೋಲು ಬಿಡಲಿಲ್ಲ. ಇಂಥ ಆಟ ನೋಡಲು ಚೆಂದ ಇಲ್ಲ ಅನ್ನುವವರಿದ್ದಾರೆ. ನನಗೆ ಅದಕ್ಕಿಂತ ಚೆಂದ ಕಾಣುವುದು ಕಡಿಮೆ. 2002ರ ನಂತರ ಇದು ಅವರ ಏಳನೇ ಬಡ್ತಿ. ಮಿಲ್ಟನ್ ಕೀನ್ಸ್ ತಂಡ ಅದೇ ಲೀಗಿನಲ್ಲಿ 19ನೇ ಸ್ಥಾನದಲ್ಲಿ ಉಳಿಯಿತು.

ಈಗ ನಿಮ್ಮ ದೂರಿನ ಕೊನೆಯ ಭಾಗಕ್ಕೆ ಮತ್ತೆ ಬರುತ್ತೇನೆ, ಅದನ್ನು ಹಾಗೇ ಬಿಡುವುದು ಸರಿಯಲ್ಲ. ನಮ್ಮ ಫುಟ್‌ಬಾಲ್ ಬಗ್ಗೆ ಬರೆಯಲು ಬೇಕಾದಷ್ಟಿದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬೈಯ ಹಳೆಯ ಟೂರ್ನಿ ರೋವರ್ಸ್ ಕಪ್ ಗೆದ್ದಿತು. ಗೋರಾ ಪಲ್ಟನ್ನುಗಳ ತಂಡಗಳೇ ಗೆಲ್ಲುತ್ತಿದ್ದ ಕಾಲ ಅದು. ಹಲಸೂರಿನ ಗೌತಮಪುರದಲ್ಲಿ ಈಗಲೂ ಪೆಲೆ ಪ್ರತಿಮೆ ಇದೆ. 2023ರಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ತಂದಿತು. ಮೈಸೂರು ರಾಜ್ಯ ಅಂತಿದ್ದಾಗ ಗೆದ್ದ ಮೇಲೆ ಅದು ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಬಂದದ್ದು. ಬೆಂಗಳೂರಿನ ಡಿವಿಷನ್ ಲೀಗುಗಳಲ್ಲಿ ಇವತ್ತಿಗೂ ಸಣ್ಣ ಸಣ್ಣ ಕ್ಲಬ್ಬುಗಳು ಆಡುತ್ತವೆ. ಶೂ, ಜರ್ಸಿ, ಆಟೋ ಖರ್ಚು ಎಲ್ಲ ಯಾರೋ ಕೆಲವರ ಜೇಬಿನಿಂದ. ಆ ಕೆಲವರು ಯಾರು, ಸಂಜೆ ಕೆಲಸ ಮುಗಿಸಿ ಬಂದು ತಂಡ ಹೇಗೆ ನಡೆಸುತ್ತಾರೆ ಅನ್ನುವುದನ್ನು ಬರೆಯಬೇಕು. ಮುಂದಿನ ಸೀಸನ್ನಿನಲ್ಲಿ ನಮ್ಮ ವರದಿಗಾರರನ್ನು ಅಶೋಕನಗರಕ್ಕೆ ಕಳಿಸುತ್ತೇವೆ. ಫೈನಲ್‌ಗೆ ಮಾತ್ರ ಅಲ್ಲ, ಕೆಳಗಿನ ಡಿವಿಷನ್ನಿನ ಮಾಮೂಲಿ ಪಂದ್ಯಗಳಿಗೂ.

ನಿಮ್ಮಿಂದಲೂ ಒಂದು ಸಹಾಯ ಬೇಕು. ನೀವು ನೋಡಿದ ಆ ಪಂದ್ಯಗಳನ್ನು ಬರೆದು ಕಳಿಸಿ. ಯಾವ ತಂಡಕ್ಕೆ ಯಾರು ಜೋರು ಎದುರಾಳಿ, ಗ್ಯಾಲರಿಯಲ್ಲಿ ಏನು ಕೂಗುತ್ತಿದ್ದಿರಿ, ಶಿಫ್ಟ್ ಮುಗಿಸಿ ಸ್ಟೇಡಿಯಂಗೆ ಹೇಗೆ ಬರುತ್ತಿದ್ದಿರಿ, ಎಲ್ಲ ಬೇಕು. ಹಳೆಯ ಫೋಟೊ, ಪಂದ್ಯದ ಟಿಕೆಟ್ ಏನಾದರೂ ಇದ್ದರೆ ಅವನ್ನೂ ಕಳಿಸಿ, ಜೋಪಾನವಾಗಿ ಹಿಂತಿರುಗಿಸುತ್ತೇವೆ. ಎಷ್ಟು ಪುಟ ಆದರೂ ಸರಿ, ಜಾಗ ಮಾಡುತ್ತೇವೆ.

– ಸಂಪಾದಕ