ಕಂಕುಳಿನ ಆಪರೇಷನ್: ಯಾವ ನರ ಉಳಿಯಲೇಬೇಕು, ಯಾವುದು ಹೋದರೂ ನಡೆಯುತ್ತದೆ?

ಸ್ತನ ಕ್ಯಾನ್ಸರ್‌ಗೆ ಕಂಕುಳಿನ ಗಂಟುಗಳನ್ನು (ಅಲ್ಲಿ ಎಲ್ಲರಿಗೂ ಇರುವ ಲಿಂಫ್ ಗ್ರಂಥಿಗಳನ್ನು) ತೆಗೆಸಿಕೊಂಡವರ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿದೆ. ತೋಳು ಮರಗಟ್ಟಿದೆ, ಡಾಕ್ಟರು ನರ ಕತ್ತರಿಸಿಬಿಟ್ಟರು ಅಂತ. ಇವತ್ತಿನ ಜಾಗ ಹೆಚ್ಚುಕಡಿಮೆ ಪೂರ್ತಿ ಅದಕ್ಕೇ. ಉಳಿದವರಿಗೆ ಉತ್ತರ ಚಿಕ್ಕದಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 47 ವರ್ಷ. ಎಡ ಸ್ತನ ತೆಗೆದು, ಕಂಕುಳಿನ ಗಂಟುಗಳನ್ನೂ ತೆಗೆದು ಮೂರು ತಿಂಗಳಾಯಿತು. ತೋಳಿನ ಒಳಭಾಗ ಮುಟ್ಟಿದರೆ ಗೊತ್ತಾಗುವುದಿಲ್ಲ. ಆದರೆ ಬ್ಲೌಸಿನ ತೋಳು ಉಜ್ಜಿದರೆ ಉರಿ, ಆಗಾಗ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ನರ ಕತ್ತರಿಸಿದ್ದಾರೆ, ಮುಂದೆ ಕೈ ಸ್ವಾಧೀನ ತಪ್ಪುತ್ತದೆ ಅಂತ ನೆಂಟರು ಹೇಳುತ್ತಿದ್ದಾರೆ. ನಿಜವೇ?

ನೋಡಿ ಅಮ್ಮ, ಕೈ ಸ್ವಾಧೀನ ತಪ್ಪುವುದಿಲ್ಲ. ಇದನ್ನು ಮೊದಲು ಆ ನೆಂಟರಿಗೆ ಓದಿ ಹೇಳಿ.

ಕಂಕುಳಲ್ಲಿ ನಾವು ಮುಖ್ಯವಾಗಿ ಕಾಪಾಡಬೇಕಾದ ನರಗಳು ಮೂರು. ಎರಡು ಸ್ನಾಯುಗಳನ್ನು ನಡೆಸುವಂಥವು, ಒಂದು ಬರೀ ಸ್ಪರ್ಶದ್ದು. ಮೊದಲನೆಯದು ಲಾಂಗ್ ಥೊರಾಸಿಕ್ ನರ. ಪಕ್ಕೆಲುಬಿನ ಗೋಡೆಗೆ ಅಂಟಿಕೊಂಡು ಕೆಳಕ್ಕೆ ಇಳಿಯುತ್ತದೆ. ಇದು ಹೋದರೆ ಬೆನ್ನಿನ ಹೆಗಲ ಮೂಳೆ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ. ಅಟ್ಟದ ಮೇಲಿನ ಡಬ್ಬ ಇಳಿಸಲು ಕೈ ಪೂರ್ತಿ ಮೇಲೇಳುವುದಿಲ್ಲ. ಎರಡನೆಯದು ಥೊರಾಕೊಡಾರ್ಸಲ್ ನರ. ಬೆನ್ನಿನ ಅಗಲದ ಸ್ನಾಯು ಇದರ ಕೈಯಲ್ಲಿದೆ. ಬಾವಿಯಿಂದ ನೀರು ಸೇದಲು, ಬಸ್ಸಿನ ಕಂಬಿ ಹಿಡಿದು ಮೈ ಎತ್ತಿಕೊಳ್ಳಲು ಇದು ಬೇಕು. ಕ್ಯಾನ್ಸರ್ ಗಂಟು ನರವನ್ನೇ ಸುತ್ತಿಕೊಂಡಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಇವೆರಡನ್ನು ಕತ್ತರಿಸುವುದಕ್ಕೆ ಯಾವ ಸಬೂಬೂ ಇಲ್ಲ.

ಮೂರನೆಯದು ನಿಮ್ಮ ತೊಂದರೆಯ ಮೂಲ. ಹೆಸರು ಇಂಟರ್‌ಕಾಸ್ಟೊಬ್ರೇಕಿಯಲ್ ನರ. ಎರಡನೇ ಪಕ್ಕೆಲುಬಿನ ಕೆಳಗಿನ ಸಂದಿನಿಂದ ಹೊರಬಂದು, ಕಂಕುಳನ್ನು ಅಡ್ಡಲಾಗಿ ದಾಟಿ, ತೋಳಿನ ಒಳಭಾಗದ ಚರ್ಮಕ್ಕೆ ಹೋಗುತ್ತದೆ. ಅದರ ಕೆಲಸ ಸ್ಪರ್ಶ ತಿಳಿಸುವುದು ಮಾತ್ರ. ಒಂದೇ ಒಂದು ಸ್ನಾಯುವೂ ಅದನ್ನು ನಂಬಿಕೊಂಡಿಲ್ಲ. ಅದಕ್ಕೇ ನಿಮ್ಮ ಕೈಯ ಶಕ್ತಿ ಎಲ್ಲೂ ಹೋಗಿಲ್ಲ.

ತೊಂದರೆ ಅದರ ದಾರಿಯದ್ದು. ಉಳಿದ ಎರಡು ನರಗಳು ಕಂಕುಳಿನ ಅಂಚಿನಲ್ಲಿ ಇಳಿದು ಹೋಗುತ್ತವೆ. ಇದು ಮಾತ್ರ ನಾವು ತೆಗೆಯಬೇಕಾದ ಕೊಬ್ಬು ಮತ್ತು ಗಂಟುಗಳ ನಟ್ಟನಡುವೆಯೇ ತೂರುತ್ತದೆ. ಹಲಸಿನ ತೊಳೆಗಳ ನಡುವಿನ ಒಂದೇ ಒಂದು ನಾರನ್ನು ಹರಿಯದೆ ತೊಳೆಯಷ್ಟನ್ನೇ ಬಿಡಿಸಿ ತೆಗೆಯುವ ಕೆಲಸ ಅಂದುಕೊಳ್ಳಿ. ಅದೂ ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಕೆಲವರಲ್ಲಿ ಒಂದು ದಪ್ಪ ಕಾಂಡ, ಕೆಲವರಲ್ಲಿ ಎರಡು ಮೂರು ಎಳೆ. ಮೂರನೇ ಪಕ್ಕೆಲುಬಿನ ಕಡೆಯಿಂದ ಇನ್ನೊಂದು ಎಳೆ ಬಂದು ಸೇರುವುದೂ ಉಂಟು.

ಹಿಂದೆ ಇದನ್ನು ಉಳಿಸುವ ಗೋಜಿಗೆ ಹೆಚ್ಚಿನವರು ಹೋಗುತ್ತಿರಲಿಲ್ಲ. "ಚಿಕ್ಕ ನರ, ಜೋಮು ಹಿಡಿದರೆ ಹಿಡಿಯಲಿ ಬಿಡಿ" ಅನ್ನುವ ಸರ್ಜನ್‌ಗಳು ಈಗಲೂ ಇದ್ದಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಜೋಮು ಹಿಡಿಯುವುದು ಅವರ ತೋಳಲ್ಲವಲ್ಲ. ಇದನ್ನು ಹುಡುಕಿ ಉಳಿಸಲು ಬೇಕಾಗುವುದು ಸ್ವಲ್ಪ ಜಾಸ್ತಿ ಹೊತ್ತು, ಜಾಸ್ತಿ ತಾಳ್ಮೆ, ಅಷ್ಟೇ. ನರದ ಹತ್ತಿರ ಹೋದಾಗ ಸುಡುವ ಮೆಷಿನ್ ಪಕ್ಕಕ್ಕಿಟ್ಟು ಕತ್ತರಿ ಹಿಡಿಯಬೇಕು. ನರವನ್ನು ಎಳೆದಾಡಬಾರದು. ಸ್ನಾಯುವಿನ ನರಗಳ ವಿಷಯಕ್ಕೆ ಇನ್ನೊಂದು ಎಚ್ಚರಿಕೆಯಿದೆ. ಆ ಹೊತ್ತಿನಲ್ಲಿ ಸ್ನಾಯು ಸಡಿಲಿಸುವ ಔಷಧ ಕೊಡಬೇಡಿ ಅಂತ ನಾನು ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿರುತ್ತೇನೆ. ಆಗ ನರವನ್ನು ಮೆಲ್ಲಗೆ ಮುಟ್ಟಿದರೆ ಸ್ನಾಯು ಪಟ್ಟನೆ ಅದುರುತ್ತದೆ. ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಇಷ್ಟಾದರೂ ಗಂಟು ಈ ಸ್ಪರ್ಶದ ನರಕ್ಕೆ ಅಂಟಿಕೊಂಡಿದ್ದರೆ ನಾನೂ ಕತ್ತರಿಸುತ್ತೇನೆ. ಯೋಚನೆಯನ್ನೂ ಮಾಡುವುದಿಲ್ಲ. ತೋಳಿನ ಒಂದು ಅಂಗೈಯಗಲದ ಜೋಮಿಗೆ ಹೆದರಿ ಕ್ಯಾನ್ಸರ್ ಇರುವ ಗಂಟನ್ನು ಒಳಗೆ ಬಿಡುವುದು ಮೂರ್ಖತನ. ಹಾಗಾಗಿ ನಿಮ್ಮ ಸರ್ಜನ್ ಕತ್ತರಿಸಿದ್ದರೆ ಅದು ತಪ್ಪೇ ಅಂತ ಸುಮ್ನೆ ತೀರ್ಮಾನಿಸಬೇಡಿ. ಕತ್ತರಿಸಿದ್ದಾರೆ ಅಂತ ಕೂಡ ತೀರ್ಮಾನಿಸಬೇಡಿ. ನರ ಉಳಿದಿದ್ದರೂ ಆಪರೇಷನ್‌ನಲ್ಲಿ ಎಳೆತ ಬಿದ್ದು ತಿಂಗಳುಗಟ್ಟಲೆ ಜೋಮು ಇರಬಹುದು. ಗೊತ್ತಾಗಬೇಕಿದ್ದರೆ ಆಪರೇಷನ್ ನೋಟ್ಸ್‌ನ ಪ್ರತಿ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಸಮ್ಮರಿ ಸಾಲದು. ಯಾವ ನರ ಉಳಿಯಿತು, ಯಾವುದು ಹೋಯಿತು ಅಂತ ನೋಟ್ಸ್‌ನಲ್ಲಿ ಬರೆದಿರಬೇಕು.

ಈ ನರ ಉಳಿಸಿದವರಲ್ಲಿ ಮರಗಟ್ಟುವ ಜಾಗ ಕಡಿಮೆ ಅನ್ನುವುದು ಅಧ್ಯಯನಗಳಲ್ಲಿ ಕಂಡಿದೆ. ನೋವಿನ ವಿಷಯದಲ್ಲಿ ಮಾತ್ರ ಅವು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಉಳಿಸಿದರೂ ಕೆಲವರಿಗೆ ಉರಿ ಬರುತ್ತದೆ, ಕತ್ತರಿಸಿದರೂ ಹಲವರಿಗೆ ಏನೂ ಆಗುವುದಿಲ್ಲ. "ನರ ಉಳಿಸುತ್ತೇವೆ, ನೋವೇ ಇರಲ್ಲ" ಅಂತ ಜಾಹೀರಾತು ಮಾಡುವವರಿಂದ ದೂರ ಇರಿ.

ಈಗ ನಿಮ್ಮ ಉರಿಗೆ. ಮುಟ್ಟಿದರೆ ಗೊತ್ತಾಗದ ಜಾಗದಲ್ಲೇ ಉರಿ, ಕರೆಂಟ್ ಹೊಡೆತ ಅಂದರೆ ಅದು ನರದ ನೋವು. ಡೋಲೋ, ಕ್ರೋಸಿನ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರೆಗಾಬಲಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳಿವೆ. ನಿದ್ದೆ ಬರಿಸುತ್ತವೆ, ಬೇರೆ ಮಾತ್ರೆಗಳ ಜೊತೆ ಜಗಳವಾಡಬಹುದು. ಮುಖ್ಯವಾಗಿ, ನೀವು ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಮಾತ್ರೆ ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಡುಲೋಕ್ಸೆಟಿನ್ ಹೊಂದುವುದಿಲ್ಲ. ಅದಕ್ಕೇ ಮೆಡಿಕಲ್ ಶಾಪ್‌ನವರನ್ನು ಕೇಳಿ ತರಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಮಾಡುವುದಾದರೆ ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಟವೆಲ್, ಹೀಗೆ ದಿನಾ ಸ್ವಲ್ಪ ಹೊತ್ತು ಆ ಜಾಗವನ್ನು ಸವರಿ. ಚರ್ಮ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಮೊದಲ ವರ್ಷದಲ್ಲಿ ಜೋಮಿನ ಜಾಗ ಸಾಮಾನ್ಯವಾಗಿ ಕಿರಿದಾಗುತ್ತದೆ. ಆಮೇಲೂ ಉಳಿದದ್ದು ಹಾಗೇ ಇರಬಹುದು.

ಎರಡು ಕೆಲಸ ಮಾಡಬೇಡಿ. ಬಿಸಿನೀರಿನ ಬ್ಯಾಗ್ ಇಡಬೇಡಿ, ಬಿಸಿ ಗೊತ್ತಾಗದ ಚರ್ಮ ಸುಟ್ಟು ಬೊಬ್ಬೆ ಬಂದಮೇಲೇ ತಿಳಿಯುತ್ತದೆ. ಕಂಕುಳಿಗೆ ಬ್ಲೇಡು ಹಾಕಬೇಡಿ, ಟ್ರಿಮ್ಮರ್ ಸಾಕು.

ಇನ್ನೂ ಆಪರೇಷನ್ ಆಗದವರಿಗೆ ನನ್ನದೊಂದು ಮಾತು. "ನರ ಉಳಿಸುತ್ತೀರಾ?" ಅಂತ ಕೇಳುವ ಮೊದಲು "ನನಗೆ ಎಲ್ಲ ಗಂಟು ತೆಗೆಯಲೇಬೇಕಾ?" ಅಂತ ಕೇಳಿ. ಕಂಕುಳಲ್ಲಿ ಗಂಟು ಕೈಗೆ ಸಿಗದಿದ್ದರೆ ನೀಲಿ ಬಣ್ಣವನ್ನೋ, ಸ್ವಲ್ಪ ರೇಡಿಯೋಆಕ್ಟಿವ್ ಔಷಧವನ್ನೋ ಚುಚ್ಚಿ, ಸ್ತನದ ಕಡೆಯಿಂದ ಮೊದಲು ಸಿಗುವ ಒಂದೆರಡು ಗಂಟನ್ನಷ್ಟೇ ತೆಗೆದು ನೋಡಬಹುದು. ಅದರ ಹೆಸರು ಸೆಂಟಿನೆಲ್ ಬಯಾಪ್ಸಿ. ಒಂದೋ ಎರಡೋ ಗಂಟಿನಲ್ಲಿ ಕ್ಯಾನ್ಸರ್ ಸಿಕ್ಕರೂ, ಸ್ತನ ಉಳಿಸಿ ರೇಡಿಯೇಷನ್ ಕೊಡುವ ಕೆಲವು ಮಹಿಳೆಯರಲ್ಲಿ ಉಳಿದ ಗಂಟುಗಳನ್ನು ಬಿಟ್ಟರೂ ನಡೆಯುತ್ತದೆ ಅಂತ 2011ರಲ್ಲಿ ಪ್ರಕಟವಾದ ಅಮೆರಿಕದ ಝಡ್-11 ಅಧ್ಯಯನ ತೋರಿಸಿತು. 2014ರಲ್ಲಿ ಬಂದ ಯುರೋಪಿನ ಅಮಾರೋಸ್ ಅಧ್ಯಯನದಲ್ಲಿ ಕಂಕುಳಿಗೆ ಆಪರೇಷನ್ ಬದಲು ರೇಡಿಯೇಷನ್ ಪಡೆದವರಲ್ಲಿ ಕೈ ಬಾವು ಸುಮಾರು ಅರ್ಧದಷ್ಟೇ ಇತ್ತು. ಕೈಗೆ ಸಿಗುವಷ್ಟು ದೊಡ್ಡ ಗಂಟು ಬೆಳೆಸಿಕೊಂಡು ಬಂದವರಿಗೆ ಇವು ನೇರವಾಗಿ ಅನ್ವಯಿಸುವುದಿಲ್ಲ. ನಮ್ಮಲ್ಲಿ ಹಾಗೆ ಬರುವವರೇ ಜಾಸ್ತಿ. ಗಂಟು ಕಂಡ ದಿನವೇ ಬಂದಿದ್ದರೆ ಈ ಪತ್ರಗಳಲ್ಲಿ ಎಷ್ಟೋ ಬರುತ್ತಲೇ ಇರಲಿಲ್ಲ.

ಪ್ರಶ್ನೆ: ನರಕ್ಕೆ ಬಲ ಬರಲು ಬಿ-12 ಇಂಜೆಕ್ಷನ್ ಅಥವಾ ನಾಟಿ ಎಣ್ಣೆ ಮಾಲೀಶು?

ಕತ್ತರಿಸಿದ ನರವನ್ನು ಎರಡೂ ಬೆಸೆಯುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿ-12 ಕಡಿಮೆ ಇದ್ದರೆ ಇಂಜೆಕ್ಷನ್ ತೆಗೆದುಕೊಳ್ಳಿ. ಗಂಟು ತೆಗೆದ ಕಡೆ ಬಲವಾಗಿ ತಿಕ್ಕುವ ನಾಟಿ ವೈದ್ಯರನ್ನು ಮನೆ ಬಾಗಿಲಿಗೂ ಸೇರಿಸಬೇಡಿ.

ಪ್ರಶ್ನೆ: ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ, ಚಾಕು ತಾಗಿದರೆ ಕ್ಯಾನ್ಸರ್ ಹಬ್ಬುತ್ತದಂತೆ?

ಇಲ್ಲ. ಈ ಮಾತು ನಂಬಿ ಆರು ತಿಂಗಳು ಕಷಾಯ ಕುಡಿದುಕೊಂಡು ಕೂತರೆ ಹಬ್ಬುತ್ತದೆ.

ಪ್ರಶ್ನೆ: ಕಂಕುಳಿನ ಆಪರೇಷನ್ ಆದಮೇಲೆ ಎರಡೂ ಕೈ, ಎರಡೂ ಪಾದದ ಬೆರಳು ಜುಮ್ಮೆನ್ನುತ್ತವೆ. ಕೀಮೋ ಕೂಡ ನಡೆಯುತ್ತಿದೆ.

ಎಡ ಕಂಕುಳಿನ ಆಪರೇಷನ್‌ನಿಂದ ಬಲಗಾಲಿನ ಬೆರಳು ಹೇಗೆ ಜುಮ್ಮೆನ್ನಲು ಸಾಧ್ಯ, ಅಲ್ವಾ? ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧ ಹೀಗೆ ಮಾಡುತ್ತದೆ. ಮುಂದಿನ ಡೋಸ್‌ಗೆ ಮೊದಲು ಕೀಮೋ ಡಾಕ್ಟರಿಗೆ ಹೇಳಿ. ಸುಮ್ಮನೆ ಸಹಿಸಿಕೊಳ್ಳಬೇಡಿ. ಆದರೆ ಆಪರೇಷನ್ ಆದ ಕೈಯ ಬೆರಳುಗಳಲ್ಲಿ ಮಾತ್ರ ಹೊಸದಾಗಿ ಶಕ್ತಿ ಕುಂದಿದರೆ, ಅಥವಾ ಚೆನ್ನಾಗಿದ್ದ ಕೈಯಲ್ಲಿ ವರ್ಷದ ಮೇಲೆ ನೋವು ಶುರುವಾಗಿ ಏರುತ್ತಿದ್ದರೆ ಅದು ಬೇರೆ ಕಥೆ. ಅದೇ ವಾರ ತೋರಿಸಿ.

ಪ್ರಶ್ನೆ: ಅಮ್ಮನ ಹೆಗಲ ಮೂಳೆ ಆಪರೇಷನ್ ಆದಮೇಲೆ ಎದ್ದು ಕಾಣುತ್ತಿದೆ. ಕ್ಯಾನ್ಸರ್ ಮೂಳೆಗೆ ಹೋಗಿದೆಯೇ?

ಗೋಡೆಗೆ ಎರಡೂ ಅಂಗೈ ಒತ್ತಿ ತಳ್ಳಲು ಹೇಳಿ, ಹಿಂದೆ ನಿಂತು ನೋಡಿ. ಆ ಕಡೆಯ ಮೂಳೆ ಆಗ ಇನ್ನೂ ಮೇಲೆದ್ದರೆ ಅದು ಬಹುತೇಕ ಲಾಂಗ್ ಥೊರಾಸಿಕ್ ನರದ ತೊಂದರೆ. ಬರೀ ಪೆಟ್ಟಾಗಿದ್ದರೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಫಿಸಿಯೋಥೆರಪಿ ಬಿಡಬೇಡಿ. ಸರ್ಜನ್‌ಗೆ ತೋರಿಸುವುದನ್ನೂ ತಪ್ಪಿಸಬೇಡಿ.

ಪ್ರಶ್ನೆ: ಆ ಕೈಯಲ್ಲಿ ಬಿಪಿ ನೋಡಬಹುದೇ?

ಎಲ್ಲ ಗಂಟು ತೆಗೆದಿದ್ದರೆ ಇನ್ನೊಂದು ಕೈ ಕೊಡಿ. ಎಮರ್ಜೆನ್ಸಿಯಲ್ಲಿ ಯಾವ ಕೈ ಸಿಕ್ಕರೂ ಸರಿ, ನರ್ಸ್ ಹತ್ತಿರ ವಾದ ಮಾಡುತ್ತಾ ನಿಲ್ಲಬೇಡಿ.